ಇಂದಿನ ಧಮ್ಮ ಚಿಂತನೆ: ಮಧ್ಯಸ್ಥಿಕೆಗೆ ಹೋಗುವ ಮುನ್ನ

 

ಇಂದಿನ ಚಿಂತನೆ ಎಂದಿಗಿಂತ ಉದ್ದವಿದೆ. ಬೆಳಗಿನ ಗಡಿಬಿಡಿಯಲ್ಲಿ ಆಗದಿದ್ದರೆ ರಾತ್ರಿ ಊಟವಾದ ಮೇಲೆ ಓದಿ.

ಕಳೆದ ಭಾನುವಾರ ಸಮ್ಮಾ ವಾಚಾ, ಅಂದರೆ ಸರಿಯಾದ ಮಾತಿನ ಬಗ್ಗೆ ಓದಿದೆವಲ್ಲ, ಅದಾದ ಮೇಲೆ ಬಳಗದ ತಂಗಿಯೊಬ್ಬಳು ನನಗೊಬ್ಬಳಿಗೇ ಮೆಸೇಜ್ ಹಾಕಿದಳು. "ಅಕ್ಕಾ, ನಮ್ಮ ಡೈವೋರ್ಸ್ ಕೇಸನ್ನು ಮೀಡಿಯೇಷನ್‌ಗೆ ಕಳಿಸಿದ್ದಾರೆ. ಹೋಗೋದಕ್ಕೆ ಮುಂಚೆ ಏನು ಓದಿಕೊಂಡು ಹೋಗಲಿ?" ಪರೀಕ್ಷೆಯ ಹಿಂದಿನ ದಿನ ನನ್ನ ಮಕ್ಕಳು ಕೇಳುವ ಹಾಗೇ ಇತ್ತು. ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ನನ್ನನ್ನು ಕೇಳಲು ಕಾರಣವೂ ಇದೆ. ನನ್ನ ಕೇಸೂ ಇದೇ ತಿಂಗಳು ಮಧ್ಯಸ್ಥಿಕೆಗೆ ಬಂದಿದೆ. ಬಳಗದಲ್ಲಿ ಹಲವರಿಗೆ ಗೊತ್ತಿರುವ ವಿಷಯ, ಗೊತ್ತಿಲ್ಲದವರಿಗೆ ಇಂದು ಗೊತ್ತಾಯಿತು.

17 ವರ್ಷದ ಮದುವೆ, 2 ವರ್ಷದಿಂದ ಬೇರೆ ಬೇರೆ ಮನೆ, ಒಂಬತ್ತನೇ ತರಗತಿಯಲ್ಲಿ ಓದುವ ಮಗಳು. ಇದಕ್ಕಿಂತ ಹೆಚ್ಚಿನದನ್ನು ನಾನು ಇಲ್ಲಿ ಹೇಳುವುದಿಲ್ಲ. ಮುಜುಗರಕ್ಕಲ್ಲ. ಭಿಕ್ಷುಸಂಘದಲ್ಲಿ ವ್ಯಾಜ್ಯ ಬಂದರೆ ಬಗೆಹರಿಸುವುದಕ್ಕೆ ವಿನಯ ಪಿಟಕ 7 ಕ್ರಮಗಳನ್ನು ಹೇಳುತ್ತದೆ. ಮಜ್ಝಿಮ ನಿಕಾಯದ 104ನೇ ಸುತ್ತವಾದ ಸಾಮಗಾಮ ಸುತ್ತದಲ್ಲೂ ಅವು ಬರುತ್ತವೆ. ಮೊದಲನೆಯದೇ ಸಮ್ಮುಖಾವಿನಯ. ಯಾರ ಮೇಲೆ ಮಾತು ಬಂದಿದೆಯೋ ಅವರು ಎದುರಿಗಿರಬೇಕು, ಇಲ್ಲದವರ ಬೆನ್ನ ಹಿಂದೆ ತೀರ್ಮಾನ ಮಾಡುವಂತಿಲ್ಲ. ನನ್ನ ಮಗಳ ಅಪ್ಪ ಈ ಗುಂಪಿನಲ್ಲಿಲ್ಲ. ಉತ್ತರ ಕೊಡಲು ಅವರಿಗೆ ಇಲ್ಲಿ ದಾರಿಯಿಲ್ಲ. ಇಲ್ಲಿ ಬರೆದದ್ದು ಫಾರ್ವರ್ಡ್ ಆಗುತ್ತಾ ಆಗುತ್ತಾ ಕೊಪ್ಪಕ್ಕೂ ಎನ್.ಆರ್. ಪುರಕ್ಕೂ ಹೋಗಿ, ಕೊನೆಗೆ ಅವರ ಮನೆಯ ಫೋನಿಗೇ ಬಂದು ಬೀಳುತ್ತದೆ ಎಂಬುದೂ ನನಗೆ ಗೊತ್ತು. ತಂಗಿ, ನಿನ್ನ ತಯಾರಿಯನ್ನೂ ಇಲ್ಲಿಂದಲೇ ಶುರು ಮಾಡು. ಮಧ್ಯಸ್ಥಿಕೆಯ ದಿನದವರೆಗೂ ಸ್ಟೇಟಸ್ ಹಾಕಬೇಡ. ಹೆಸರು ಹೇಳದೆ ಚುಚ್ಚುವ ಸ್ಟೇಟಸ್ ಅಂತೂ ಖಂಡಿತ ಬೇಡ.

ಬೇರೆಯಾಗುವುದು ಧಮ್ಮಕ್ಕೆ ವಿರುದ್ಧವೇ ಎಂದು ಕೆಲವರು ಮೆಲ್ಲಗೆ ಕೇಳುತ್ತಾರೆ. ಬುದ್ಧ ಮದುವೆಗೆಂದು ವಿಧಿಯನ್ನೇ ಕಟ್ಟಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಸಲ್ಲಿಸಬೇಕಾದದ್ದನ್ನು ಹೇಳಿದ, ಅಷ್ಟೆ. ಅದರಲ್ಲೂ ಗಂಡನ ಪಾಲಿಗೆ ಮೊದಲು ಬರುವುದು ಹೆಂಡತಿಗೆ ಗೌರವ ಕೊಡುವುದು, ಅವಮಾನ ಮಾಡದಿರುವುದು. ನಮ್ಮ ದೇಶದ ಕಾನೂನಿನಲ್ಲಿ ವಿಚ್ಛೇದನದ ಬಾಗಿಲು ತೆರೆಯಲು ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ಹಿಡಿದು ಎಷ್ಟು ಹೆಣಗಿದರು, 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು ಎಂಬುದು ನಿಮಗೆಲ್ಲ ತಿಳಿದಿದೆ. ಆಮೇಲೆ ಬಂದ 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ. ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಸೆಕ್ಷನ್ ಅದರೊಳಗೆ ಸೇರಿದ್ದು 1976ರಲ್ಲಿ.

ಪಕ್ಕದ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಮದುವೆಗೆ ಮಂತ್ರಮಾಂಗಲ್ಯ ಎಂಬ ಸರಳ ವಿಧಿ ಬರೆದುಕೊಟ್ಟರು. ಬೇರೆಯಾಗುವುದಕ್ಕೆ ಹಾಗೆ ಯಾರೂ ವಿಧಿ ಬರೆದುಕೊಟ್ಟಿಲ್ಲ. ನೂರಾರು ಜನ ಅಕ್ಷತೆ ಹಾಕಿ ಸೇರಿಸಿದ್ದನ್ನು ಕೋರ್ಟಿನ ಕಾರಿಡಾರಿನಲ್ಲಿ ಫೈಲು ಹಿಡಿದು ನಿಂತು ಬಿಡಿಸಿಕೊಳ್ಳುತ್ತೇವೆ. ಅದಕ್ಕೇ ಈ ಮಧ್ಯಸ್ಥಿಕೆ ಎಂಬುದನ್ನು ನಾನು ಗೌರವದಿಂದ ನೋಡುತ್ತೇನೆ. ಅಲ್ಲಿ ಕೂರಲು ಕುರ್ಚಿಯಿದೆ, ಮಾತು ಮುಗಿಸಲು ಸಮಯವಿದೆ.

ಗೊತ್ತಿಲ್ಲದವರಿಗಾಗಿ ಅದರ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕ ಹೈಕೋರ್ಟ್ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆದದ್ದು 2007ರಲ್ಲಿ. ಆಮೇಲೆ ಜಿಲ್ಲೆಗಳಿಗೂ ಬಂತು. ದಾಂಪತ್ಯದ ವ್ಯಾಜ್ಯಗಳನ್ನು ಆದಷ್ಟೂ ಮಧ್ಯಸ್ಥಿಕೆಗೆ ಕಳಿಸಿ ನೋಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಮೀಡಿಯೇಟರ್ ಅಂದರೆ ಹೆಚ್ಚಾಗಿ ತರಬೇತಿ ಪಡೆದ ವಕೀಲರು. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಮಾತನಾಡಿಸುತ್ತಾರೆ. ಬೇರೆಯಾಗಿ ಕೂತಾಗ ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆ ಕಡೆಯವರಿಗೆ ಹೇಳುವಂತಿಲ್ಲ. ಅಲ್ಲಿ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ಸಾಕ್ಷಿ ಎಂದು ಎತ್ತಿ ಹಿಡಿಯುವಂತಿಲ್ಲ. ಕರ್ನಾಟಕದ 2005ರ ನಿಯಮಗಳಲ್ಲೂ 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಈ ಗೋಪ್ಯತೆಯ ಮಾತಿದೆ. ಒಪ್ಪಿಗೆಯಾದರೆ ಬರೆದು ಸಹಿ ಹಾಕಿಸಿ ಕೋರ್ಟಿಗೆ ಕಳಿಸುತ್ತಾರೆ. ಆಗದಿದ್ದರೆ ಆಗಲಿಲ್ಲ ಎಂದಷ್ಟೇ ತಿಳಿಸುತ್ತಾರೆ, ಕೇಸು ಮೊದಲಿದ್ದ ಕಡೆಗೆ ಮರಳುತ್ತದೆ. ಮತ್ತೆ ಒಟ್ಟಿಗೆ ಬಾಳಲು ಸಾಧ್ಯವೇ ಎಂದು ಶುರುವಿನಲ್ಲಿ ಕೇಳಿಯೇ ಕೇಳುತ್ತಾರೆ. ತಂಗಿ, ಆ ಪ್ರಶ್ನೆಗೆ ಸಿಟ್ಟಾಗಬೇಡ, ಅದು ಅವರ ಕೆಲಸ. ಉತ್ತರವನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗು.

ನಮ್ಮ ಮಲೆನಾಡಿನ ಹಳೆಯ ರಾಜಿ ಪಂಚಾಯಿತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪಂಚಾಯಿತಿಯಲ್ಲಿ ಹಿರಿಯರು ತೀರ್ಪು ಕೊಡುತ್ತಿದ್ದರು. ಆ ತೀರ್ಪು ಬಹಳ ಸಲ "ಹೊಂದಿಕೊಂಡು ಹೋಗಮ್ಮ" ಎಂಬ ಎರಡೇ ಪದದ್ದಾಗಿರುತ್ತಿತ್ತು. ಮೀಡಿಯೇಟರ್ ತೀರ್ಪು ಕೊಡುವವರಲ್ಲ. ಹೊಂದಿಕೊಂಡು ಹೋಗು ಎಂದು ಹೇಳುವ ಅಧಿಕಾರ ಅವರಿಗಿಲ್ಲ. ಆದರೆ ಅದೇ ಕಾರಣಕ್ಕೆ "ನಿನ್ನದು ಸರಿ, ತಪ್ಪೆಲ್ಲ ಅವನದೇ" ಎಂದು ಹೇಳುವ ಅಧಿಕಾರವೂ ಅವರಿಗಿಲ್ಲ. ನಾನು ಇಂದು ಹೇಳಬೇಕೆಂದುಕೊಂಡದ್ದು ಈ ಎರಡನೆಯದರ ಬಗ್ಗೆ. ಬೇರೆಯಾಗುವ ದಾರಿಗೆ ಬಂದು ನಿಂತ ನಮ್ಮಂಥವರು ಒಳಗೊಳಗೇ ಕಾಯುತ್ತಿರುವುದು ಹಣಕ್ಕಲ್ಲ, ಮನೆಗಲ್ಲ. ಯಾರಾದರೂ ಒಬ್ಬರು, ಕರಿಕೋಟು ಹಾಕಿದವರೇ ಆದರೆ ಇನ್ನೂ ಒಳ್ಳೆಯದು, ತಪ್ಪು ಯಾರದು ಎಂದು ಗಟ್ಟಿಯಾಗಿ ಹೇಳಿಬಿಡಲಿ ಎಂದು ಕಾಯುತ್ತೇವೆ. ಆ ಕೋಣೆಯಲ್ಲಿ ಅದು ಸಿಗುವುದಿಲ್ಲ. ಸಿಗುವುದಿಲ್ಲ ಎಂಬುದನ್ನು ಮನಸ್ಸಿಗೆ ಮೊದಲೇ ತಿಳಿಸಿಟ್ಟುಕೊಳ್ಳುವುದೇ ದೊಡ್ಡ ತಯಾರಿ.

ಕೌಶಾಂಬಿಯ ಭಿಕ್ಷುಗಳ ಕಥೆ ನೆನಪಿಸಿಕೊಳ್ಳಿ. ಧಮ್ಮಪದದ ಅಟ್ಠಕಥೆಯಲ್ಲಿ ಅದು ವಿವರವಾಗಿ ಬರುತ್ತದೆ. ಒಬ್ಬ ಭಿಕ್ಷು ಧಮ್ಮ ಬೋಧಿಸುವುದರಲ್ಲಿ ಪಂಡಿತ, ಇನ್ನೊಬ್ಬ ವಿನಯದಲ್ಲಿ ಪಂಡಿತ. ಧಮ್ಮದ ಪಂಡಿತ ಶೌಚಕ್ಕೆ ಹೋದವನು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬಂದ. ವಿನಯದ ಪಂಡಿತ ಅದನ್ನು ನೋಡಿ, ಇದು ದೋಷ ಎಂದ. ನನಗೆ ತಿಳಿದಿರಲಿಲ್ಲ, ದೋಷವಾದರೆ ಒಪ್ಪಿಕೊಳ್ಳುತ್ತೇನೆ ಎಂದ ಮೊದಲನೆಯವನು. ಬೇಕೆಂದು ಮಾಡದಿದ್ದರೆ ದೋಷವಿಲ್ಲ ಬಿಡು ಎಂದ ಎರಡನೆಯವನು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಎರಡನೆಯವನು ಹೋಗಿ ತನ್ನ ಶಿಷ್ಯರ ಹತ್ತಿರ, ಅವನಿಗೆ ದೋಷ ಮಾಡಿದ್ದೂ ತಿಳಿಯುವುದಿಲ್ಲ ಎಂದ. ಶಿಷ್ಯರು ಆ ಕಡೆಯ ಶಿಷ್ಯರಿಗೆ ಹೇಳಿದರು. ಆ ಕಡೆಯವರು ತಮ್ಮ ಗುರುವಿಗೆ ಮುಟ್ಟಿಸಿದರು. ಮೊದಲು ದೋಷವಿಲ್ಲ ಎಂದು ಈಗ ಇದೆ ಎನ್ನುತ್ತಾನಲ್ಲ, ಸುಳ್ಳುಗಾರ ಅವನೇ ಎಂದ ಗುರು. ಸಂಘವೇ ಎರಡಾಯಿತು. ಉಪಾಸಕರೂ ಎರಡಾದರು.

ಎರಡು ಮಾತು ಗಮನಿಸಿ. ಒಂದು, ಜಗಳ ಬೆಳೆದದ್ದು ಇಬ್ಬರ ನಡುವೆ ಅಲ್ಲ, ಶಿಷ್ಯರ ನಡುವೆ. ನಮ್ಮ ಕಡೆ ಶಿಷ್ಯರ ಬದಲು ಅತ್ತಿಗೆ, ಚಿಕ್ಕಪ್ಪ, ಸೋದರಮಾವ, ಫ್ಯಾಮಿಲಿ ಗ್ರೂಪು. ನನ್ನ ಚಿಕ್ಕಮ್ಮ ಬಹಳ ಪ್ರೀತಿಯವರು, ನನಗಾಗಿ ಪ್ರಾಣ ಕೊಡುವವರು. ಆದರೂ ಮಧ್ಯಸ್ಥಿಕೆಯ ದಿನ ಅವರನ್ನು ಕರೆದುಕೊಂಡು ಹೋಗುತ್ತಿಲ್ಲ. ಜೊತೆಗೆ ಬರುವವರು ಕಡಿಮೆ ಮಾತಿನವರಾಗಿರಲಿ, ಬಾಗಿಲ ಹೊರಗೆ ಸುಮ್ಮನೆ ಕೂತು ನೀರಿನ ಬಾಟಲಿ ಹಿಡಿದುಕೊಳ್ಳಬಲ್ಲವರಾಗಿರಲಿ.

ಎರಡನೆಯದು ಇನ್ನೂ ಮುಖ್ಯ. ಸ್ವತಃ ಬುದ್ಧ ಮಧ್ಯಸ್ಥಿಕೆಗೆ ಬಂದ. ಒಮ್ಮೆ ಅಲ್ಲ, ಮತ್ತೆ ಮತ್ತೆ ಹೇಳಿದ. ಭಗವಂತರು ತಮ್ಮ ಪಾಡಿಗೆ ನೆಮ್ಮದಿಯಾಗಿರಲಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಎಂಬ ಧಾಟಿಯಲ್ಲಿ ಭಿಕ್ಷುಗಳು ಉತ್ತರ ಕೊಟ್ಟರು. ಆಗ ಬುದ್ಧ ಬೈಯಲಿಲ್ಲ, ಯಾರದು ದೋಷ ಎಂದು ತೀರ್ಪೂ ಕೊಡಲಿಲ್ಲ. ಒಬ್ಬನೇ ಎದ್ದು ಪಾರಿಲೇಯ್ಯಕದ ಕಾಡಿಗೆ ಹೋದ. ಬುದ್ಧನ ಎದುರಿಗೇ ರಾಜಿಯಾಗದ ಜಗಳಗಳಿದ್ದವು ಎಂಬುದನ್ನು ಓದಿದಾಗೆಲ್ಲ ನನಗೆ ಒಂದು ಬಗೆಯ ಸಮಾಧಾನ. ನಮ್ಮ ಮಧ್ಯಸ್ಥಿಕೆ ಫಲಿಸದೆ ಹೋದರೆ ನಾವು ಧಮ್ಮದಲ್ಲಿ ಫೇಲಾದೆವು ಎಂದು ಅರ್ಥವಲ್ಲ. ಕೊನೆಗೆ ಆ ಭಿಕ್ಷುಗಳನ್ನು ದಾರಿಗೆ ತಂದದ್ದು ಊರಿನ ಉಪಾಸಕರು. ಅವರು ಭಿಕ್ಷೆ ಹಾಕುವುದನ್ನು ನಿಲ್ಲಿಸಿದರು. ಹೊಟ್ಟೆ ಚುರುಗುಟ್ಟಿದಾಗ ದೋಷ ಯಾರದೆಂಬ ಚರ್ಚೆ ತಾನಾಗಿಯೇ ತಣ್ಣಗಾಯಿತು!

ತಪ್ಪು ಯಾರದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದ ಮುರಿದ ಮದುವೆಯೊಂದು ಥೇರೀಗಾಥೆಯಲ್ಲಿದೆ. ಭಿಕ್ಷುಣಿ ಇಸಿದಾಸಿಯದು. ಉಜ್ಜಯಿನಿಯ ಸಿರಿವಂತರ ಮಗಳು, ಸಾಕೇತದ ಸಿರಿವಂತರ ಸೊಸೆ. ಮುಂಜಾನೆ ಎದ್ದು ಅತ್ತೆ ಮಾವನ ಕಾಲಿಗೆ ಬಿದ್ದು, ಗಂಡನ ತಲೆ ಬಾಚಿ, ಅನ್ನ ಬೇಯಿಸಿ, ಪಾತ್ರೆ ತೊಳೆದು ಬಾಳಿದವಳು. ಗಂಡ, ಇವಳ ಜೊತೆ ಒಂದೇ ಮನೆಯಲ್ಲಿ ಇರಲಾರೆ ಎಂದ. ಅವಳು ಮಾಡಿದ ತಪ್ಪೇನು ಎಂದು ಹೆತ್ತವರೇ ಕೇಳಿದರು. ತಪ್ಪೇನೂ ಮಾಡಿಲ್ಲ, ನನಗೆ ಬೇಡ ಅಷ್ಟೆ ಎಂಬುದು ಅವನ ಉತ್ತರದ ಸಾರ. ಅವಳನ್ನು ತವರಿಗೆ ಬಿಟ್ಟು ಬಂದರು. ಆಮೇಲೆ ಇನ್ನೆರಡು ಮದುವೆ, ಎರಡೂ ಹಾಗೆಯೇ ಮುರಿದವು. ಕೊನೆಗೆ ಅವಳು ಸಂಘ ಸೇರಿದಳು. ಹಿಂದಿನ ಜನ್ಮಗಳ ಕರ್ಮ ಇದಕ್ಕೆ ಕಾರಣ ಎಂದು ಆ ಗಾಥೆ ಮುಂದುವರಿಯುತ್ತದೆ. ಆ ಭಾಗವನ್ನು ನಾನು ಯಾವ ಹೆಣ್ಣುಮಗಳಿಗೂ ಓದಿ ಹೇಳುವುದಿಲ್ಲ, ನೀವೂ ಹೇಳಬೇಡಿ. ಕಣ್ಣೀರು ಹಾಕುತ್ತಿರುವವಳಿಗೆ ಹಿಂದಿನ ಜನ್ಮದ ಲೆಕ್ಕ ಒಪ್ಪಿಸುವುದು ಧಮ್ಮವಲ್ಲ. ಆದರೆ ಆ ಮೊದಲ ಭಾಗವನ್ನು, ತಪ್ಪು ಹುಡುಕಿದರೂ ಸಿಗದ ಆ ಭಾಗವನ್ನು, ನಾನು ಈಚೆಗೆ ಹಲವು ಸಲ ಓದಿದ್ದೇನೆ.

ಹಾಗಾದರೆ ತಪ್ಪೊಪ್ಪುಗಳ ಪಟ್ಟಿಯಿಲ್ಲದೆ ಜಗಳ ಮುಗಿಯುವುದು ಹೇಗೆ? ವಿನಯದ ಏಳು ಕ್ರಮಗಳಲ್ಲಿ ಕೊನೆಯದು ಅದಕ್ಕೇ ಇದೆ. ಹೆಸರು ತಿಣವತ್ಥಾರಕ, ಅಂದರೆ ಹುಲ್ಲು ಹೊದಿಸುವುದು. ಎರಡು ಕಡೆಯವರೂ ಕಚ್ಚಾಡಿ, ಆಡಬಾರದ್ದನ್ನು ಆಡಿ, ಮಾಡಬಾರದ್ದನ್ನು ಮಾಡಿದ್ದಾರೆ. ಒಂದೊಂದನ್ನೂ ಕೆದಕುತ್ತಾ ಹೋದರೆ ಜಗಳ ಇನ್ನಷ್ಟು ಬಿರುಸಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಎರಡು ಕಡೆಯಿಂದಲೂ ಒಬ್ಬೊಬ್ಬರು ಎದ್ದು ನಿಂತು, ತಮ್ಮ ಕಡೆಯಿಂದ ಆದದ್ದನ್ನೆಲ್ಲ ಒಟ್ಟಾಗಿ ಸಂಘದ ಮುಂದೆ ಇಟ್ಟು, ಅದರ ಮೇಲೆ ಹುಲ್ಲು ಹೊದಿಸಿ ಮುಗಿಸುತ್ತಾರೆ. ನಮ್ಮ ಊರಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತೋಟದ ಬುಡಕ್ಕೆ ಸೊಪ್ಪು ಹೊದಿಸುತ್ತೇವಲ್ಲ, ಕೆಳಗಿರುವುದು ಕಾಣೆಯಾಗಲಿ ಎಂದಲ್ಲ, ಕೊಳೆಯಬೇಕಾದ್ದು ತನ್ನ ಪಾಡಿಗೆ ಕೊಳೆಯಲಿ ಎಂದು.

ಆದರೆ ಇಲ್ಲಿ ಒಂದು ಹೊರತು ಇದೆ, ಅದನ್ನು ಬಿಟ್ಟು ಹೇಳಿದರೆ ಬುದ್ಧನಿಗೆ ಅನ್ಯಾಯ. ಘೋರವಾದ ದೋಷಗಳಿಗೆ ಈ ಹುಲ್ಲು ಹೊದಿಕೆ ಇಲ್ಲ ಎಂದು ವಿನಯ ಸ್ಪಷ್ಟವಾಗಿ ಹೇಳುತ್ತದೆ. ಸಂಸಾರಸ್ಥರಿಗೆ ಸಂಬಂಧಪಟ್ಟ ದೋಷಗಳಿಗೂ ಇಲ್ಲ. ಅಂದರೆ ಹೊರಗಿನವರಿಗೆ ಮಾಡಿದ ಕೆಡುಕನ್ನು ಸಂಘದವರು ತಮ್ಮತಮ್ಮಲ್ಲೇ ಮುಚ್ಚಿಹಾಕುವಂತಿಲ್ಲ. ಹೊಡೆತ ಬಡಿತ, ಜೀವಭಯ ಇರುವ ಮನೆಯ ವಿಷಯವನ್ನು ಹುಲ್ಲಿನ ಕೆಳಗೆ ತಳ್ಳಬೇಡಿ. ಅಂಥ ಕಡೆ ಎದುರುಬದುರು ಕೂರುವುದೇ ಅಪಾಯ. ಮೀಡಿಯೇಟರಿಗೂ ನಿಮ್ಮ ವಕೀಲರಿಗೂ ಮೊದಲೇ ತಿಳಿಸಿ, ಒಂದೇ ಕೋಣೆಯಲ್ಲಿ ಕೂರಲಾರೆ ಎಂದು ಹೇಳಿ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆ ಇರುವುದೇ ಅದಕ್ಕೆ. ವಕೀಲರಿಗೆ ಹಣವಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಬಹುದು. ಮಹಿಳಾ ಸಹಾಯವಾಣಿ 181.

ಇನ್ನು ಏನು ಓದಿಕೊಂಡು ಹೋಗಲಿ ಎಂಬ ಪ್ರಶ್ನೆ. ಅಂಗುತ್ತರ ನಿಕಾಯದ ಐದರ ವಿಭಾಗದಲ್ಲಿ ಚೋದನಾ ಸುತ್ತವಿದೆ. ಇನ್ನೊಬ್ಬರ ಮೇಲೆ ಮಾತೆತ್ತುವ ಮೊದಲು ತನ್ನೊಳಗೆ ನೆಲೆಗೊಳಿಸಿಕೊಳ್ಳಬೇಕಾದ ಐದು ಸಂಗತಿಗಳು ಅಲ್ಲಿವೆ. ಸಕಾಲದಲ್ಲಿ ಆಡುವುದು, ಇದ್ದದ್ದನ್ನು ಇದ್ದ ಹಾಗೆ ಆಡುವುದು, ಮೆತ್ತಗೆ ಆಡುವುದು, ಹಿತವಾಗುವುದನ್ನು ಆಡುವುದು, ಒಳಗೆ ದ್ವೇಷವಿಟ್ಟುಕೊಳ್ಳದೆ ಮೈತ್ರಿಯಿಂದ ಆಡುವುದು. ನಾನು ಒಂದು ತಿಂಗಳಿಂದ ಇದನ್ನೇ ಓದುತ್ತಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆ ಎಂಬುದಕ್ಕೆ ನನಗೆ ಅತಿ ಹೆಚ್ಚು ಸಮಯ ಹಿಡಿಯಿತು. ಕನ್ನಡ ಟೀಚರಾದ್ದರಿಂದ ವ್ಯಾಕರಣದಿಂದ ಶುರು ಮಾಡಿದೆ. ಯಾವಾಗಲೂ, ಯಾವತ್ತೂ, ಒಂದು ದಿನವೂ, ಎಷ್ಟು ಹೇಳಿದರೂ. ಈ ಪದಗಳಿರುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ, ಅದೇ ವಿಷಯವನ್ನು ತಾರೀಖು, ಮೊತ್ತ, ರಸೀದಿ ಹಿಡಿದು ಬರೆಯಲು ಕೂತೆ. ಉದಾಹರಣೆಗೆ (ನನ್ನದಲ್ಲ, ಪಾಠಕ್ಕೆ ಕೊಡುವ ಉದಾಹರಣೆ) "ಮಗುವಿನ ಖರ್ಚು ಯಾವತ್ತೂ ನೋಡಿದವರಲ್ಲ" ಎಂದರೆ ಎದುರಿನವರು ನೋಡಿದ ಒಂದು ದಿನವನ್ನು ಹುಡುಕಿ ತಂದು ಮುಂದಿಡುತ್ತಾರೆ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. "ಜೂನ್‌ನಿಂದ ಶಾಲೆಯ ಫೀಸು ನಾನು ಕಟ್ಟಿದ್ದೇನೆ, ರಸೀದಿ ಇಲ್ಲಿದೆ" ಎಂದರೆ ವಾದಕ್ಕೆ ಜಾಗವಿಲ್ಲ. ನನ್ನ ನೋಟ್‌ಬುಕ್ಕಿನ 11 ಪುಟ ಹೀಗೆ 3 ಪುಟವಾಯಿತು. ಹೋದ 8 ಪುಟದಲ್ಲಿ ಸುಳ್ಳೇನೂ ಇರಲಿಲ್ಲ. ಮಧ್ಯಸ್ಥಿಕೆಯ ಕೆಲಸಕ್ಕೆ ಬರುವ ಸತ್ಯ ಅದಾಗಿರಲಿಲ್ಲ.

ಸತ್ಯ ಎಂದರೆ ಕಾಗದವೂ ಹೌದು. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮನೆ ಸಾಲದ ಕಂತಿನ ಲೆಕ್ಕ, ಎಲ್‌ಐಸಿ, ಎಫ್‌ಡಿ, ತವರಿನವರು ಹಾಕಿದ ಚಿನ್ನದ ಪಟ್ಟಿ, ಮಗಳ ಶಾಲೆ ಮತ್ತು ಔಷಧಿಯ ಖರ್ಚು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಎಫ್‌ಡಿಯನ್ನು ಅಣ್ಣನ ಹೆಸರಿಗೆ ಮಾಡಿಬಿಡು, ಯಾರಿಗೂ ತಿಳಿಯುವುದಿಲ್ಲ ಎಂದು ಸಲಹೆ ಕೊಡುವವರು ನಮ್ಮ ಸುತ್ತ ಬೇಕಾದಷ್ಟು ಜನ. ಪ್ರತಿ ದಿನ ಪಂಚಶೀಲ ಹೇಳುವಾಗ ನಾಲ್ಕನೆಯದನ್ನೂ ಹೇಳುತ್ತೇವೆ. ಎಫ್‌ಡಿಗೆ ಅದರಲ್ಲಿ ವಿನಾಯಿತಿ ಇಲ್ಲ. ಇನ್ನು ಅಡಿಕೆ ತೋಟದ ಆದಾಯ ಇರುವ ಮನೆಗಳಲ್ಲಿ ಲೆಕ್ಕ ಇನ್ನೂ ಕಷ್ಟ. ಒಂದು ವರ್ಷದ ಫಸಲು ಇನ್ನೊಂದು ವರ್ಷ ಇಲ್ಲ. ಹಳದಿ ಎಲೆ ರೋಗ ತೋಟವನ್ನೇ ತಿಂದ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ, ಈಗ ಎಲೆಚುಕ್ಕಿ ಬೇರೆ. ತಿಂಗಳು ತಿಂಗಳು ಕೊಡಲಾಗದ ಮೊತ್ತವನ್ನು ಹಟಕ್ಕೆ ಬರೆಸಿಕೊಂಡರೆ ಆರು ತಿಂಗಳಿಗೆ ಮತ್ತೆ ಕೋರ್ಟಿನ ಮೆಟ್ಟಿಲು. ಕೊಯ್ಲು ಮುಗಿದು ಅಡಿಕೆ ಮಾರುವ ಹೊತ್ತಿಗೆ ದೊಡ್ಡ ಕಂತು ಎಂದು ಬರೆಸಿಕೊಂಡರೆ ಕೊಡುವವರಿಗೂ ಸಾಧ್ಯ, ಪಡೆಯುವವರಿಗೂ ನಂಬಿಕೆ.

ಹಿತದ ವಿಷಯಕ್ಕೆ ಬಂದರೆ, ಆ ತಂಗಿ ಮೆಸೇಜಿನ ಕೊನೆಗೆ "ನನಗೇನೂ ಬೇಡ ಅಕ್ಕಾ, ಬಿಡುಗಡೆ ಸಿಕ್ಕರೆ ಸಾಕು" ಎಂದು ಬರೆದಿದ್ದಳು. ಇದನ್ನು ನಾವು ಬೌದ್ಧರು ಬಹಳ ಬೇಗ ಉಪೇಕ್ಷೆ ಎಂದು ಕರೆದು ಮೆಚ್ಚಿಬಿಡುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ಉಪೇಕ್ಷೆಯಲ್ಲ, ದಣಿವು. ದಣಿದಾಗ ಹಾಕಿದ ಸಹಿಗೆ ಮುಂದಿನ 20 ವರ್ಷ ಬಾಡಿಗೆ ಕಟ್ಟಬೇಕಾಗುತ್ತದೆ. ಮಧ್ಯಮ ಮಾರ್ಗ ಎಂದರೆ ಎಲ್ಲವನ್ನೂ ಬಿಟ್ಟುಕೊಡುವುದೂ ಅಲ್ಲ, ಕೂಡಿಸಿ ಎರಡರಿಂದ ಭಾಗಿಸುವುದೂ ಅಲ್ಲ. ತಂಗಿ, ಎರಡು ಪುಟ ಮಾಡಿಕೋ. ಒಂದರ ಮೇಲೆ "ಬೇಕಾದ್ದು" ಎಂದು ಬರೆ, ಇನ್ನೊಂದರ ಮೇಲೆ "ನೋವಾದ್ದು" ಎಂದು ಬರೆ. ಬಾಡಿಗೆ, ಮಗುವಿನ ಓದು, ನಿನ್ನ ಚಿನ್ನ, ನಿನ್ನ ಸರ್ಟಿಫಿಕೇಟುಗಳು, ಇವು ಮೊದಲ ಪುಟಕ್ಕೆ. ಎರಡನೇ ಪುಟವನ್ನು ಕೋರ್ಟಿಗೆ ತೆಗೆದುಕೊಂಡು ಹೋಗಬೇಡ, ಆದರೆ ಹರಿಯಲೂ ಬೇಡ. ಅದನ್ನು ನಾನು ಓದುತ್ತೇನೆ, ಬಾ.

ಎರಡನೇ ಪುಟದ ವಸ್ತುಗಳು ಮೊದಲ ಪುಟಕ್ಕೆ ನುಸುಳಿ ಬರುತ್ತವೆ, ಹುಷಾರು. ನನ್ನ ಪಟ್ಟಿಯಲ್ಲಿ ಬಚ್ಚಲುಮನೆಯ ತಾಮ್ರದ ಹಂಡೆ ಬಂದು ಕೂತಿತ್ತು. ಅಮ್ಮ ಮದುವೆಯಲ್ಲಿ ಕೊಟ್ಟದ್ದು. ಈಗ ನಾನಿರುವ ಬಾಡಿಗೆ ಮನೆಯಲ್ಲಿ ಒಲೆಯೇ ಇಲ್ಲ, ಗೀಸರ್ ಇದೆ. ಹಂಡೆ ಬಂದರೆ ಇಡುವುದೆಲ್ಲಿ? ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಕತ್ತಿ ಹಿರಿದು ನಿಂತಾಗ ಬುದ್ಧ ನಡುವೆ ಬಂದು ಕೇಳಿದ್ದು ಬೆಲೆಯ ಪ್ರಶ್ನೆ. ನೀರಿನ ಬೆಲೆ ಎಷ್ಟು, ಮನುಷ್ಯರ ಬೆಲೆ ಎಷ್ಟು ಎಂದು. ಹಂಡೆಯ ಬೆಲೆ ನನಗೆ ಗೊತ್ತು. ಅದನ್ನು ಕೇಳುವುದರಿಂದ ಮಗಳ ರಜಾದಿನಗಳ ಮಾತು ಹಾಳಾಗುವುದಾದರೆ ಆ ಬೆಲೆ ನನಗೆ ಹೆಚ್ಚಾಯಿತು. ಇನ್ನೊಬ್ಬರಿಗೆ ಅದೇ ಹಂಡೆ ಬೇಕಾದ್ದರ ಪುಟದಲ್ಲೇ ಇರಬಹುದು, ಅದು ಅವರವರ ಲೆಕ್ಕ.

ಬರೆಸಿಕೊಳ್ಳುವುದರ ಬಗ್ಗೆ ಒಂದು ಮಾತು. ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ಕೌಶಿಕನಿಗೆ ಷರತ್ತು ಹಾಕುತ್ತಾಳೆ, ಅವನು ಮುರಿಯುತ್ತಾನೆ, ಅವಳು ಅರಮನೆ ಬಿಟ್ಟು ನಡೆಯುತ್ತಾಳೆ. ಹಾಗೆ ಎದ್ದು ನಡೆಯುವ ಕೆಚ್ಚು ನಮ್ಮಲ್ಲಿ ಎಷ್ಟು ಜನಕ್ಕಿದೆ? ನಾವು ತಾರೀಖು ಹಾಕಿ ಬರೆಸಿಕೊಳ್ಳೋಣ. "ಮಗುವನ್ನು ಆಗಾಗ ನೋಡಬಹುದು" ಎಂದಲ್ಲ. ಯಾವ ಭಾನುವಾರ, ಎಷ್ಟು ಗಂಟೆಯಿಂದ, ಎಲ್ಲಿ, ದಸರಾ ರಜೆ ಯಾರ ಹತ್ತಿರ, ಬೇಸಿಗೆ ರಜೆ ಹೇಗೆ ಎಂದು ಬರೆಸಿ. ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿಸಿ ಕೇಳಿ. ಅದಕ್ಕೆ ನಾಚಿಕೆ ಬೇಡ, ಕೇಳುವುದು ನಿಮ್ಮ ಹಕ್ಕು. ಒಪ್ಪಿ ಬೇರೆಯಾಗುವ ಅರ್ಜಿಯಲ್ಲಿ ಮೊದಲ ಹಂತಕ್ಕೂ ಎರಡನೆಯದಕ್ಕೂ ನಡುವೆ 6 ತಿಂಗಳ ಅವಧಿ ಇಟ್ಟಿರುವುದು ಯೋಚಿಸಲಿ ಎಂದೇ. ಸಂದರ್ಭ ನೋಡಿ ಕೋರ್ಟು ಅದನ್ನು ಬಿಡಬಹುದು ಎಂದು 2017ರಲ್ಲಿ ತೀರ್ಪು ಬಂದಿದೆ. ಬಿಡಬಹುದು ಎಂದ ಮಾತ್ರಕ್ಕೆ ನಾವು ಯೋಚಿಸುವುದನ್ನು ಬಿಡಬೇಕಿಲ್ಲ.

ಮಗಳ ವಿಷಯದಲ್ಲಿ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಅವಳು ನಮ್ಮಿಬ್ಬರ ನಡುವಿನ ಪೋಸ್ಟ್‌ಮ್ಯಾನ್ ಅಲ್ಲ. "ಅಪ್ಪನಿಗೆ ಹೇಳು" ಎಂದು ಶುರುವಾಗುವ ವಾಕ್ಯ ನಮ್ಮ ಮನೆಯಲ್ಲಿಲ್ಲ.

ಮೆತ್ತಗೆ ಮತ್ತು ಮೈತ್ರಿಯಿಂದ ಎಂಬ ಎರಡು ಉಳಿದವು. ಶೃಂಗೇರಿಯಲ್ಲಿ ಬೆಳೆದ ನಮಗೆ ಇದಕ್ಕೆ ಕಥೆ ಹುಡುಕಿ ದೂರ ಹೋಗಬೇಕಿಲ್ಲ. ಶಂಕರರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ಮಂಡನರ ಹೆಂಡತಿ ಉಭಯಭಾರತಿಯನ್ನೇ ಮಧ್ಯಸ್ಥಳನ್ನಾಗಿ ಕೂರಿಸಿದರಂತೆ. ಅವಳು ಇಬ್ಬರ ಕೊರಳಿಗೂ ಹೂವಿನ ಮಾಲೆ ಹಾಕಿದಳು. ಯಾರ ಮಾಲೆ ಬಾಡುತ್ತದೋ ಅವರು ಸೋತರು. ಸಿಟ್ಟು ಬಂದವನ ಮೈ ಬಿಸಿಗೆ ಹೂ ಬಾಡುತ್ತದೆ ಎಂದು ಅಜ್ಜಿ ವಿವರಣೆ ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಗೆದ್ದವರು ಯಾರು ಎಂಬುದಷ್ಟೇ ನಮಗೆ ಮುಖ್ಯ. ಈಗ ಆ ಐತಿಹ್ಯ ಕೇಳಿದರೆ ನನಗೆ ಬೇರೆಯೇ ಕಾಣುತ್ತದೆ. ಸೋತರೆ ಮಂಡನ ಸಂನ್ಯಾಸಿಯಾಗಬೇಕು ಎಂಬುದು ಪಣ. ಅಂದರೆ ಪಣಕ್ಕಿಟ್ಟದ್ದು ಆ ಮಧ್ಯಸ್ಥಳ ಸಂಸಾರವನ್ನೇ. ನಿನಗೇನು ಬೇಕಮ್ಮ ಎಂದು ಅವಳನ್ನು ಯಾರಾದರೂ ಕೇಳಿದರೇ?

ಇರಲಿ, ಆ ಮಾಲೆಯನ್ನು ನಾನು ಅಭ್ಯಾಸಕ್ಕೆ ತೆಗೆದುಕೊಂಡಿದ್ದೇನೆ. ಧ್ಯಾನದಲ್ಲಿ ಉಸಿರು ನೋಡುವ ಹಾಗೆ, ಕೆಲವು ಮಾತು ನೆನಪಾದಾಗ ಕೊರಳ ಹತ್ತಿರ ಏಳುವ ಬಿಸಿಯನ್ನು ನೋಡುವುದು. ಆ ಕೋಣೆಯಲ್ಲಿ ಯಾವ ಮೂರ್ನಾಲ್ಕು ವಾಕ್ಯಗಳು ನನ್ನನ್ನು ಕೆರಳಿಸುತ್ತವೆ ಎಂದು ನನಗೆ ಈಗಲೇ ಗೊತ್ತು, 17 ವರ್ಷ ಕೇಳಿದವಲ್ಲವೇ. ದಿನವೂ ಸಂಜೆ ಅವುಗಳಲ್ಲಿ ಒಂದನ್ನು ಮನಸ್ಸಿನಲ್ಲೇ ಆಡಿಸಿ, ಬಿಸಿ ಏಳುವುದನ್ನೂ ಇಳಿಯುವುದನ್ನೂ ನೋಡುತ್ತೇನೆ. ಮೊದಲ ವಾರ ಇಳಿಯಲೇ ಇಲ್ಲ. ಈಗ ಕೆಲವು ದಿನ ಇಳಿಯುತ್ತದೆ, ಕೆಲವು ದಿನ ಇಲ್ಲ. ಅಂದು ಇಳಿಯದಿದ್ದರೆ ಹತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆ ಎಂದು ಕೇಳುತ್ತೇನೆ. ಹಾಗೆ ಕೇಳಲು ಅಲ್ಲಿ ಅವಕಾಶವಿದೆ.

ಮೈತ್ರಿ ಎಂದರೆ ಪ್ರೀತಿ ಎಂದುಕೊಂಡರೆ ನನ್ನ ಕೈಯಲ್ಲಿ ಆಗುವುದಿಲ್ಲ. ಅಷ್ಟನ್ನು ಧಮ್ಮವೂ ನನ್ನಿಂದ ಕೇಳುತ್ತಿಲ್ಲ ಎಂದು ನನ್ನ ತಿಳಿವಳಿಕೆ. ಕೌಶಾಂಬಿಯ ಭಿಕ್ಷುಗಳಿಗೆ ಬುದ್ಧ ಹೇಳಿದ ದೀಘಾವು ಕುಮಾರನ ಕಥೆಯಲ್ಲಿ, ಕೊಲ್ಲಲು ಒಯ್ಯುವಾಗ ತಂದೆ ಮಗನಿಗೆ ಕೊಟ್ಟ ಬುದ್ಧಿಯ ತಿರುಳು ಎರಡೇ: ಹಗೆಯನ್ನು ಬಹುಕಾಲ ಇಟ್ಟುಕೊಳ್ಳಬೇಡ, ನಂಟನ್ನು ಆತುರದಲ್ಲಿ ಕಡಿಯಬೇಡ. ನಾನು ಆತುರ ಮಾಡಿಲ್ಲ, 17 ವರ್ಷ ಆತುರವಲ್ಲ. ಉಳಿದಿರುವುದು ಮೊದಲನೆಯದು. ಅಂದು ಬೆಳಿಗ್ಗೆ ಅವರೂ ಮೊದಲ ಬಸ್ಸು ಹಿಡಿಯಲು ಕತ್ತಲಲ್ಲಿ ಎದ್ದಿರುತ್ತಾರೆ, ಅವರಿಗೂ ರಾತ್ರಿ ನಿದ್ದೆ ಬಂದಿರುವುದಿಲ್ಲ, ಅವರ ಕೈಯಲ್ಲೂ ಒಂದು ಫೈಲು ಇರುತ್ತದೆ. ಸದ್ಯಕ್ಕೆ ನನ್ನ ಮೈತ್ರಿ ಇಷ್ಟು ದೂರ ಬಂದಿದೆ.

ಈ ಭಾನುವಾರ ಸಾಮಗಾಮ ಸುತ್ತವನ್ನು ಒಟ್ಟಿಗೆ ಓದೋಣ, ಏಳು ಕ್ರಮಗಳನ್ನೂ ನಿಧಾನವಾಗಿ ನೋಡೋಣ. ಬರುವವರು ಬೆಳಿಗ್ಗೆ 10ಕ್ಕೆ ಬನ್ನಿ, ಮಳೆಯಿದ್ದರೆ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ. ನನ್ನ ಮಧ್ಯಸ್ಥಿಕೆ ಅದಾದ ಬುಧವಾರ. ಏನಾಯಿತು ಎಂದು ಅಂದು ಸಂಜೆ ಫೋನ್ ಮಾಡಿ ಕೇಳಬೇಡಿ, ಹೇಳುವಂತಿಲ್ಲ. ಕೇಳದೆ ಕಾಫಿಗೆ ಬರುವವರು ಬನ್ನಿ, ಮಗಳೂ ಮನೆಯಲ್ಲಿರುತ್ತಾಳೆ.